ಹಳಸಿದ ಅನ್ನಕ್ಕೆ ಒಂದು ಪದ, ಕಳಿತ ಬಾಳೆಹಣ್ಣಿಗೆ ಇನ್ನೊಂದು

ಪ್ರಶ್ನೆ: ನಾನು ಮಂಡ್ಯ ಕಡೆಯವನು. ವಿಯೆಟ್ನಾಂನ ಹೋ ಚಿ ಮಿನ್ ನಗರದಲ್ಲಿ ಗೆಳೆಯನ ಜೊತೆ ಸೇರಿ ಚಿಕ್ಕದೊಂದು ದಕ್ಷಿಣ ಭಾರತದ ಮೆಸ್ ನಡೆಸುತ್ತಿದ್ದೇನೆ. ಇಲ್ಲಿನ ಭಾಷೆಯನ್ನು ಮೊಬೈಲ್ ಆ್ಯಪ್‌ನಲ್ಲಿ ಕಲಿತೆ. 'ಕೆಟ್ಟುಹೋದ' ಅನ್ನುವುದಕ್ಕೆ ಅದರಲ್ಲಿ 'ಥೋಯ್' ಎಂಬ ಪದವಿತ್ತು. ಮಾರ್ಕೆಟ್‌ನಲ್ಲಿ ದುಡ್ಡು ಕೊಟ್ಟ ಮೇಲೆ ಮೆತ್ತಗಾದ ಬಾಳೆಹಣ್ಣು ಕಂಡಿತು. 'ಥೋಯ್' ಅಂದೆ. ಮಾರುವಾಕೆ ನನ್ನ ಕೈಯಲ್ಲಿದ್ದ ಚಿಲ್ಲರೆ ತೋರಿಸಿ, ಆಗಲೇ ಕೊಟ್ಟಾಯ್ತಲ್ಲ ಅನ್ನುವ ಹಾಗೆ ನೋಡಿದರು. ಹಿಂದಿನ ದಿನದ ಅನ್ನ ಹಳಸಿದಾಗಲೂ ಅದೇ ಪದ ಬಳಸಿದೆ. ಅಡುಗೆಗೆ ಸಹಾಯ ಮಾಡುವ ಅಕ್ಕ ಬೇಜಾರು ಮಾಡಿಕೊಂಡರು. ಇನ್ನೊಂದು ದಿನ ಅವರು ಚೆನ್ನಾಗಿ ಉಬ್ಬಿದ್ದ ಇಡ್ಲಿ ಹಿಟ್ಟನ್ನು ಕೆಟ್ಟಿದೆ ಅಂದುಕೊಂಡು ಚೆಲ್ಲಿಬಿಟ್ಟರು. ನಿಘಂಟು ನೋಡಿದರೆ ಐದಾರು ಪದಗಳಿವೆ, ಎಲ್ಲಕ್ಕೂ ಒಂದೇ ಅರ್ಥ ಕೊಟ್ಟಿದ್ದಾರೆ. ಯಾವುದನ್ನು ಎಲ್ಲಿ ಬಳಸಬೇಕು? ಯಾರಿಗೂ ನೋವಾಗದ ಹಾಗೆ 'ಇದು ಕೆಟ್ಟಿದೆ' ಅಂತ ಹೇಳುವುದು ಹೇಗೆ?

ಉತ್ತರ: ನಿಮ್ಮ ಮೂರೂ ಪ್ರಸಂಗಗಳ ಹಿಂದೆ ಇರುವುದು ಒಂದೇ ತೊಡಕು. ವಿಯೆಟ್ನಾಮೀ ಭಾಷೆಯಲ್ಲಿ 'ಕೆಟ್ಟುಹೋದದ್ದು' ಅನ್ನುವುದಕ್ಕೆ ಮೊದಲು ಯಾವ ಆಹಾರ ಅಂತ ನೋಡುತ್ತಾರೆ, ಆಮೇಲೆ ಪದ ಆರಿಸುತ್ತಾರೆ. ಮೀನಿಗೆ ಒಂದು, ಮಾಂಸಕ್ಕೆ ಒಂದು, ಬೇಯಿಸಿದ ಅನ್ನಕ್ಕೆ ಒಂದು, ಹಣ್ಣಿಗೆ ಬೇರೆ. ಆ್ಯಪ್ ನಿಮಗೆ ಒಂದೇ ಪದ ಕೊಟ್ಟಿತು. ಅದೂ ಇರುವುದರಲ್ಲೇ ಒರಟಾದದ್ದನ್ನು ಕೊಟ್ಟಿತು.

ಈ ಭಾಷೆಯನ್ನು ಕಲಿಸುವುದು ಮತ್ತು ವ್ಯಾಪಾರದ ಮಾತುಕತೆಗಳಲ್ಲಿ ದುಭಾಷಿಯಾಗಿರುವುದು ನನ್ನ ಕೆಲಸ. ಅಡುಗೆಮನೆಯ ಪದಗಳಲ್ಲಿ ಎಡವುವವರೇ ಜಾಸ್ತಿ. ಇವು ಪಾಠದ ಪುಸ್ತಕಗಳಲ್ಲಿ ಸಿಗುವುದು ಕಡಿಮೆ.

ಮೊದಲು ಚಿಲ್ಲರೆಯ ವಿಷಯ. ದಕ್ಷಿಣ ವಿಯೆಟ್ನಾಂನಲ್ಲಿ 'ಥೋಯ್' ಅಂದರೆ ಉಳಿದ ದುಡ್ಡು ವಾಪಸ್ ಕೊಡುವುದು. 'ಥೋಯ್ ತಿಯೆನ್' ಅಂದರೆ ಚಿಲ್ಲರೆ ಕೊಡು ಅಂತ. ನಿಮ್ಮ ಊರಿನ ಮಾರ್ಕೆಟ್‌ನಲ್ಲಿ ದಿನವಿಡೀ ಈ ಪದ ಕೇಳುತ್ತಿರುತ್ತದೆ. ನಾರುವುದು, ಕೊಳೆತದ್ದು ಅನ್ನುವುದಕ್ಕೆ ಅಲ್ಲಿನವರು 'ಥೂಯ್' ಅನ್ನುತ್ತಾರೆ. ಹನೋಯ್ ಕಡೆ ಮಾತ್ರ 'ಥೋಯ್' ಅಂದರೆ ಕೊಳೆತು ನಾರುವುದು. ನಿಮ್ಮ ಆ್ಯಪ್ ಕಲಿಸಿದ್ದು ಉತ್ತರದ ಭಾಷೆ, ನೀವು ನಿಂತಿದ್ದು ದಕ್ಷಿಣದ ಮಾರ್ಕೆಟ್‌ನಲ್ಲಿ. ದುಡ್ಡು ಕೊಟ್ಟ ತಕ್ಷಣ 'ಥೋಯ್' ಅಂದರೆ ಯಾರೇ ಆದರೂ ಚಿಲ್ಲರೆ ಕೇಳುತ್ತಿದ್ದೀರಿ ಅಂತಲೇ ತಿಳಿಯುತ್ತಾರೆ. ಆಕೆ ನಿಮ್ಮ ಮೇಲೆ ಸಿಟ್ಟಾಗಿರಲಿಲ್ಲ.

ಅಡುಗೆಯ ಅಕ್ಕನ ಬೇಜಾರು ಬೇರೆ ತರಹದ್ದು. ದಕ್ಷಿಣದವರಿಗೂ ಉತ್ತರದ 'ಥೋಯ್' ಅರ್ಥವಾಗುತ್ತದೆ. ಸತ್ತ ಇಲಿ, ಚರಂಡಿ, ಕೊಳೆತ ಕಸ ಇಂಥವುಗಳಿಗೆ ಅದು ಸರಿ. ಇದೇ ಪದದಿಂದ ಬಂದ 'ಥೋಯ್ ಥಾ' ಅನ್ನುವುದು ನೀಚ, ಹೊಲಸು ಅನ್ನುವ ಬೈಗುಳ. ಒಬ್ಬರು ಕೈಯಾರೆ ಬೇಯಿಸಿದ ಅನ್ನವನ್ನು ಹಾಗೆ ಕರೆದರೆ ನೋವಾಗದೆ ಇರುತ್ತದಾ? ಅನ್ನಕ್ಕೆ ಅಲ್ಲಿ ಸರಿಯಾದ ಪದ ಬೇರೆಯೇ ಇದೆ.

ಅದಕ್ಕೆ ಹೋಗುವ ಮುಂಚೆ ಉಚ್ಚಾರದ ಬಗ್ಗೆ ಸ್ವಲ್ಪ ಹೇಳಬೇಕು. ಕನ್ನಡ ಲಿಪಿಯಲ್ಲಿ ನಾನು ಬರೆಯುವುದು ಅಂದಾಜು ಮಾತ್ರ. ಒಳ್ಳೆಯ ಸುದ್ದಿ ಏನೆಂದರೆ ನಮ್ಮ ತ ಮತ್ತು ಥ ಭೇದ ಅವರಲ್ಲೂ ಇದೆ, ಹಾಗಾಗಿ 'ಥ' ನಮಗೆ ಕಷ್ಟವಲ್ಲ. ತುಟಿ ದುಂಡಗೆ ಮಾಡದೆ ಹೇಳುವ ಒಂದು 'ಉ' ಇದೆ. ತುಳು ಬಲ್ಲವರಿಗೆ ಇದು ಸಲೀಸು, ತುಳು ಪದಗಳ ಕೊನೆಯಲ್ಲಿ ಬರುವ ಅರೆ ಉಕಾರ ಇದಕ್ಕೆ ಬಹಳ ಹತ್ತಿರ. ನಿಮಗೆ ಅಭ್ಯಾಸ ಬೇಕು: 'ಈ' ಅನ್ನುವ ಹಾಗೆ ತುಟಿ ಅಗಲಿಸಿ 'ಉ' ಹೇಳಿ ನೋಡಿ. ಕಷ್ಟ ಇರುವುದು ಧ್ವನಿಯ ಏರಿಳಿತದಲ್ಲಿ. ಹನೋಯ್ ಭಾಷೆಯಲ್ಲಿ ಆರು ಏರಿಳಿತಗಳು, ದಕ್ಷಿಣದಲ್ಲಿ ಎರಡು ಬೆರೆತು ಐದೇ ಉಳಿದಿವೆ. 'ಥೋಯ್' ಅನ್ನುವುದನ್ನೇ ತೆಗೆದುಕೊಳ್ಳಿ. ಧ್ವನಿ ಮೇಲೇರಿದರೆ ಕೊಳೆತದ್ದು, ಸಮವಾಗಿದ್ದರೆ 'ಸಾಕು, ಬಿಡಿ', ಕೆಳಗೆ ಬಾಗಿದರೆ 'ಊದು'. ಸಂದರ್ಭದಿಂದ ಅರ್ಥವಾಗುತ್ತದೆ, ಏರಿಳಿತ ಬೇಕಿಲ್ಲ ಅಂತ ಕೆಲವರು ಸಮಾಧಾನ ಹೇಳುತ್ತಾರೆ. ವಿದೇಶಿಯ ಬಾಯಲ್ಲಿ ಅದು ನಿಜವಲ್ಲ. ನೀವು ಒಂದೇ ಪದ ಹೇಳಿದಾಗ ಕೇಳುವವರ ಹತ್ತಿರ ಬೇರೆ ಆಧಾರವೇ ಇರುವುದಿಲ್ಲ.

ಈಗ ಅನ್ನ. ಬೇಯಿಸಿದ ಅನ್ನ, ಸಾರು, ಪಲ್ಯ ಇಟ್ಟಲ್ಲೇ ಕೆಟ್ಟರೆ ಅದು 'ಥಿವ್'. ಧ್ವನಿ ಸಮವಾಗಿರಬೇಕು. ನಮ್ಮ 'ಹಳಸಿದ' ಅನ್ನುವುದಕ್ಕೆ ಇಷ್ಟು ಕರಾರುವಾಕ್ಕಾಗಿ ಕೂರುವ ಪದ ಇನ್ನೊಂದು ಭಾಷೆಯಲ್ಲಿ ಸಿಗುವುದು ಅಪರೂಪ. ನಾವು ಹಸಿ ಮೀನನ್ನು ಹಳಸಿದೆ ಅನ್ನುವುದಿಲ್ಲ, ಅವರೂ ಅದಕ್ಕೆ 'ಥಿವ್' ಅನ್ನುವುದಿಲ್ಲ. 'ಕಮ್ ಥಿವ್' ಅಂದರೆ ಹಳಸಿದ ಅನ್ನ. 'ಕಮ್ ಥಿವ್ ರೋಯ್' ಅಂದರೆ ಅನ್ನ ಹಳಸಿಹೋಗಿದೆ. ಈ 'ರೋಯ್' ಉತ್ತರದಲ್ಲಿ 'ಜೋಯ್' ಆಗುತ್ತದೆ, ಕೆಲಸ ಆಗಿಹೋಯಿತು ಅನ್ನುವುದನ್ನು ಸೂಚಿಸುತ್ತದೆ. ಒಂದು ಎಚ್ಚರಿಕೆ: ಸ್ವಲ್ಪ ಹಳಸಿದೆ ಅನ್ನಲು ಪದವನ್ನು ಎರಡು ಸಲ ಹೇಳಬೇಡಿ. 'ಥಿವ್ ಥಿವ್' ಅಂದರೆ ತೂಕಡಿಕೆ.

ಹಸಿ ಮೀನಿಗೆ 'ಉಅನ್', ಮಾಂಸಕ್ಕೆ 'ಓಯ್'. ನಿಮ್ಮ ಮೆಸ್ ಸಸ್ಯಾಹಾರಿಯಾಗಿದ್ದರೂ ಇವು ಗೊತ್ತಿರಲಿ, ಯಾಕೆಂದರೆ ಗಾದೆಗಳಲ್ಲಿ, ಪೇಪರ್‌ನಲ್ಲಿ ಇವು ಪದೇಪದೇ ಬರುತ್ತವೆ. 'ಅಗ್ಗದ ಮಾಲು ಅಂದರೆ ಓಯ್ ಆದ ಮಾಲು' ಅನ್ನುವ ಗಾದೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಮೀನಿನ ಗಾದೆ ಇನ್ನೂ ಚೆನ್ನಾಗಿದೆ: ಉಪ್ಪು ಹಿಡಿಯದ ಮೀನು ಉಅನ್ ಆಗುತ್ತದೆ, ಅಪ್ಪ ಅಮ್ಮನಿಗೆ ಎದುರು ಮಾತಾಡುವ ಮಗು ನೂರು ದಾರಿಯಲ್ಲಿ ಹು ಆಗುತ್ತದೆ. ಈ 'ಹು' ಬಗ್ಗೆ ಆಮೇಲೆ ಹೇಳುತ್ತೇನೆ. ಕಳಪೆ ಆಹಾರ ಹಿಡಿದ ಸುದ್ದಿಗಳಲ್ಲಿ 'ಓಯ್ ಥಿವ್' ಅಂತ ಎರಡನ್ನೂ ಸೇರಿಸಿ ಬರೆಯುತ್ತಾರೆ. ಅಲ್ಲಿ ಅದು ಒಟ್ಟಾರೆ ಕೆಟ್ಟ ಆಹಾರ ಅಂತಲೇ ಅರ್ಥ.

ಬೂಷ್ಟು ಹಿಡಿದದ್ದು 'ಮೋಕ್'. ಬ್ರೆಡ್, ಕಡಲೆಕಾಯಿ, ಅಕ್ಕಿ, ಕಾಫಿ ಬೀಜ ಎಲ್ಲಕ್ಕೂ ಇದೇ. ಹಳೆಯದಾಗಿ ಮುಗ್ಗು ವಾಸನೆ ಬಂದ ಅಕ್ಕಿಗೆ 'ಹಮ್' ಅನ್ನುವ ಪದವಿದೆ, ಉತ್ತರದಲ್ಲಿ ಜಾಸ್ತಿ. ಬಾಡಿದ ಸೊಪ್ಪು 'ಹೆವ್'. ಗಾಳಿ ತಗುಲಿ ಮೆತ್ತಗಾದ ಹಪ್ಪಳದಂಥದ್ದಕ್ಕೆ ಉತ್ತರದವರು 'ಈವ್' ಅನ್ನುತ್ತಾರೆ. ಒಳಗೇ ಕೆಟ್ಟ ಮೊಟ್ಟೆ 'ಉಂಗ್'. ಇಷ್ಟನ್ನು ಒಂದೇ ದಿನ ಬಾಯಿಪಾಠ ಮಾಡಬೇಕಿಲ್ಲ. ಕೈಗೆ ಸಿಕ್ಕಾಗ ಕಲಿತರೆ ಸಾಕು.

ಉಪ್ಪಿನಲ್ಲಿ ಹಾಕಿಟ್ಟ ಸಾಸಿವೆ ಸೊಪ್ಪು ಹದ ಮೀರಿ ಕಪ್ಪಾಗಿ ವಾಸನೆ ಬಂದರೆ ಅದಕ್ಕೂ ಪ್ರತ್ಯೇಕ ಪದ: 'ಖು'. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ಕೆಟ್ಟದ್ದು ಅನ್ನುವ ಎಲ್ಲ ಪದಗಳೂ 'ಎಸೆಯಿರಿ' ಅಂತ ಹೇಳುವುದಿಲ್ಲ. ಹಳ್ಳಿಯ ಹಾಡೊಂದರಲ್ಲಿ ಹೆಂಗಸೊಬ್ಬಳು ಹೇಳುತ್ತಾಳೆ: ಗಂಡ ಹೀಗಳೆದರೆ ಹೀಗಳೆಯಲಿ, ಖು ಆದ ಸೊಪ್ಪನ್ನು ಕ್ಯಾಟ್‌ಫಿಶ್ ಜೊತೆ ಬೇಯಿಸಿದರೆ ಇನ್ನೂ ರುಚಿ. ಬಡತನದ ಅಡುಗೆಮನೆಯ ಜಾಣತನ ಅದು, ನನಗೆ ತುಂಬಾ ಇಷ್ಟ.

ಹಣ್ಣಿನ ವಿಷಯಕ್ಕೆ ಬರೋಣ. ಇಲ್ಲಿ ಭಾಷೆ ನಿಜಕ್ಕೂ ಸಮೃದ್ಧವಾಗಿದೆ. 'ಚೀನ್' ಅಂದರೆ ಹಣ್ಣಾದದ್ದು, ಬೆಂದದ್ದು ಕೂಡ. ಒಂಬತ್ತು ಅನ್ನುವ ಸಂಖ್ಯೆಯೂ ಅದೇ ಉಚ್ಚಾರ. ಹದವಾಗಿ ಈಗಷ್ಟೇ ಹಣ್ಣಾದದ್ದು 'ಚೀನ್ ತಯ್'. ಪೂರ್ತಿ ಮಾಗಿದ್ದು ಉತ್ತರದಲ್ಲಿ 'ಚೀನ್ ಮುಓಯ್', ದಕ್ಷಿಣದಲ್ಲಿ 'ಚೀನ್ ಮುಯ್'. ಮರದಲ್ಲೇ ಹಣ್ಣಾದದ್ದು 'ಚೀನ್ ಕೈ'. ಕಾಯಿ ಕಿತ್ತು ಅಡೆ ಹಾಕಿ ಹಣ್ಣು ಮಾಡಿದರೆ ದಕ್ಷಿಣದಲ್ಲಿ 'ಯು' ಅನ್ನುತ್ತಾರೆ. ಹದ ಮೀರಿ ಕಳಿತು, ಮುಟ್ಟಿದರೆ ಬೆರಳು ಒಳಗೆ ಹೋಗುವ ಹಾಗಾದರೆ ಉತ್ತರದಲ್ಲಿ 'ಚೀನ್ ನೌ', ನಿಮ್ಮ ಕಡೆ 'ಚೀನ್ ರುಕ್'. ನಿಮ್ಮ ಬಾಳೆಹಣ್ಣಿಗೆ ಬೇಕಾಗಿದ್ದ ಪದ ಇದು. ಇದು ಬೈಗುಳವಲ್ಲ, ದೂರೂ ಅಲ್ಲ. ಇನ್ನೂ ತಿನ್ನಬಹುದು, ಆದರೆ ಬೆಲೆ ಕಡಿಮೆಯಾಗಬೇಕು ಅನ್ನುವ ಸ್ಥಿತಿ. ಹಣ್ಣು ಒಳಗೇ ನೀರಾಗಿ ಕೆಟ್ಟಿದ್ದರೆ ಆಗ 'ಉಂಗ್'. ಕಿತ್ತಳೆಗೆ ಇದನ್ನು ಜಾಸ್ತಿ ಬಳಸುತ್ತಾರೆ. ಮೊಟ್ಟೆಯ 'ಉಂಗ್' ಧ್ವನಿ ಸಮ, ಹಣ್ಣಿನ 'ಉಂಗ್' ಧ್ವನಿ ಕೆಳಗೆ ಬಾಗುತ್ತದೆ, ಅಷ್ಟೇ ವ್ಯತ್ಯಾಸ.

ಬಾಳೆಹಣ್ಣಿನ ಸಿಪ್ಪೆ ಮೇಲೆ ಕಂದು ಚುಕ್ಕೆ ಬಂದ ಕೂಡಲೇ ಅದು ಕಳಿತಿದೆ ಅಂತ ತಿಳಿಯಬೇಡಿ. ಹನೋಯ್‌ನಲ್ಲಿ ಅಂಥ ಹಣ್ಣಿಗೆ 'ಚುಂಗ್ ಕುಓಕ್' ಅನ್ನುತ್ತಾರೆ. ಕುಓಕ್ ಎಂಬ ನೀರುಕೋಳಿಯ ಮೊಟ್ಟೆ ಅಂತ ಅರ್ಥ, ಆ ಮೊಟ್ಟೆಯ ಮೇಲೂ ಅಂಥದೇ ಚುಕ್ಕೆಗಳಿರುತ್ತವೆ. ಇದು ಹೊಗಳಿಕೆ. ಶರತ್ಕಾಲದಲ್ಲಿ 'ಕೋಮ್' ಎಂಬ ಎಳೆ ಭತ್ತದ ಹಸಿರು ಅವಲಕ್ಕಿ ಬರುತ್ತದೆ, ಹನೋಯ್‌ನ ವೋಂಗ್ ಎಂಬ ಹಳ್ಳಿ ಅದಕ್ಕೆ ಹೆಸರಾದದ್ದು. ಅದನ್ನು ಇಂಥ ಚುಕ್ಕೆ ಬಾಳೆಹಣ್ಣಿನ ಜೊತೆ ತಿನ್ನುವುದು ಅಲ್ಲಿನ ಸಂಪ್ರದಾಯ. ಹಾಗೆಯೇ ಮೆತ್ತಗಿನ ಹಲಸಿನ ತೊಳೆಯನ್ನು ಕಂಡು ಕೆಟ್ಟಿದೆ ಅನ್ನಬೇಡಿ. ನಮ್ಮಲ್ಲಿ ಬಕ್ಕೆ, ತುಳುವ ಅಂತ ಎರಡು ಜಾತಿ ಇಲ್ವಾ? ಅವರಲ್ಲೂ ಗಟ್ಟಿ ತೊಳೆಯದು ಒಂದು, ಮೆತ್ತಗಿನದು ಒಂದು. ಮೆತ್ತಗಿನದನ್ನು ದಕ್ಷಿಣದಲ್ಲಿ 'ಮೀತ್ ಉಅತ್', ಒದ್ದೆ ಹಲಸು, ಅನ್ನುತ್ತಾರೆ. ಮಾತುಮಾತಿಗೆ ಅಳುವವರನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ.

ಇಡ್ಲಿ ಹಿಟ್ಟಿನ ಪ್ರಸಂಗ ಓದಿ ನನಗೆ ಆ ಅಕ್ಕನ ಮೇಲೆ ಸಹಾನುಭೂತಿಯೇ ಬಂತು. ಅವರು ಕಂಡದ್ದು ಗುಳ್ಳೆ ಎದ್ದ, ಹುಳಿ ವಾಸನೆಯ ಅಕ್ಕಿ ಹಿಟ್ಟು. ಅವರ ಅಡುಗೆಮನೆಯ ಲೆಕ್ಕದಲ್ಲಿ ಅದು 'ಥಿವ್'. ಇಲ್ಲಿ ನಿಮಗೆ ಬೇಕಾದ ಪದ 'ಲೇನ್ ಮೆನ್', ಅಂದರೆ ಹುದುಗು ಬರುವುದು. 'ಬೋತ್ ಲೇನ್ ಮೆನ್' ಅಂದರೆ ಹುದುಗಿದ ಹಿಟ್ಟು. ಇದರಲ್ಲಿ ಕೆಟ್ಟದ್ದು ಅನ್ನುವ ಸುಳಿವೇ ಇಲ್ಲ. 'ಬಾಞ್ ಬೊ' ತರಹ ಅಂತ ಸೇರಿಸಿದರೆ ತಕ್ಷಣ ಹೊಳೆಯುತ್ತದೆ. ಅದು ಅಕ್ಕಿ ಹಿಟ್ಟನ್ನು ಹುದುಗಿಸಿ ಹಬೆಯಲ್ಲಿ ಬೇಯಿಸುವ ಅವರದೇ ಸಿಹಿ ತಿಂಡಿ, ಒಳಗೆ ತೂತು ತೂತಾಗಿರುತ್ತದೆ.

ವಿಯೆಟ್ನಾಮಿನವರು ವಾಸನೆಯ ಪದಾರ್ಥ ತಿನ್ನುತ್ತಾರೆ, ಅವರಿಗೆ ಕೆಟ್ಟದ್ದಕ್ಕೂ ಹುದುಗಿದ್ದಕ್ಕೂ ವ್ಯತ್ಯಾಸವಿಲ್ಲ ಅನ್ನುವ ಮಾತು ನಮ್ಮವರಿಂದ ಆಗಾಗ ಕೇಳುತ್ತೇನೆ. ಇದು ಪೂರ್ತಿ ತಪ್ಪು. 'ನುಅಕ್ ಮಮ್' ಎಂಬ ಮೀನಿನ ರಸವನ್ನೇ ನೋಡಿ. ಸುಮಾರು ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು ಹಾಕಿ ಹೆಚ್ಚುಕಡಿಮೆ ವರ್ಷ ಇಡುತ್ತಾರೆ. ಅಷ್ಟು ಉಪ್ಪಿನಲ್ಲಿ ಮೀನನ್ನು ಕೊಳೆಸುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಮೀನಿನಲ್ಲೇ ಇರುವ ಕಿಣ್ವಗಳು ಮಾಂಸವನ್ನು ನಿಧಾನವಾಗಿ ಕರಗಿಸುತ್ತವೆ. ಫು ಕ್ವೋಕ್ ದ್ವೀಪದ ಮೀನಿನ ರಸಕ್ಕೆ 2012ರಲ್ಲಿ ಯುರೋಪಿಯನ್ ಒಕ್ಕೂಟ ಊರಿನ ಹೆಸರಿನ ರಕ್ಷಣೆ ಕೊಟ್ಟಿದೆ. ಅದಕ್ಕೆ 'ಥೂಯ್' ಅಂದರೆ ನಮ್ಮ ಉಪ್ಪಿನಕಾಯಿಯನ್ನು ಕೊಳೆತದ್ದು ಅಂದಷ್ಟೇ ಬೇಜಾರಾಗುತ್ತದೆ.

ಹುಳಿಗೆ ಪದ 'ಚುಅ'. ಇಲ್ಲಿ ಒಂದು ಸಣ್ಣ ಪದ ಎಲ್ಲವನ್ನೂ ಬದಲಿಸುತ್ತದೆ. 'ಸುಅ ಚುಅ' ಅಂದರೆ ಮೊಸರು. 'ಸುಅ ಬಿ ಚುಅ' ಅಂದರೆ ಹುಳಿತು ಕೆಟ್ಟ ಹಾಲು. ನಡುವಿನ 'ಬಿ' ಅನ್ನುವುದು ಬೇಡದ್ದು ಆಯಿತು ಅಂತ ತಿಳಿಸುತ್ತದೆ. ಮಳೆಯಲ್ಲಿ ನೆನೆದರೂ, ಜ್ವರ ಬಂದರೂ, ದುಡ್ಡು ಕಳೆದರೂ ಈ 'ಬಿ' ಬರುತ್ತದೆ. ಮೊಸರನ್ನ ಬಡಿಸುವಾಗ ಇದು ನೆನಪಿರಲಿ. 'ಕಮ್ ಚುಅ' ಅಂದರೆ ಹುಳಿ ಬಂದ ಅನ್ನ ಅಂತ ಗಾಬರಿಯಾಗುತ್ತಾರೆ. 'ಕಮ್ ಸುಅ ಚುಅ' ಅನ್ನಿ, ಮೊಸರು ಹಾಕಿದ ಅನ್ನ ಅಂತ ಗೊತ್ತಾಗುತ್ತದೆ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಎಲ್ಲಕ್ಕೂ ಒಂದೇ ಪದ. ದಕ್ಷಿಣದಲ್ಲಿ ಅದು 'ಹು', ತುಟಿ ದುಂಡಗಾಗದ ಉಕಾರ. ಉತ್ತರದಲ್ಲಿ 'ಹಾಂಗ್'. ಹಣ್ಣಿಗೂ ನಡೆಯುತ್ತದೆ, ಹಾಲಿಗೂ, ಕೆಟ್ಟ ಮಿಕ್ಸಿಗೂ. ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಬೇಜಾರಾಗುವುದಿಲ್ಲ. ತೊಂದರೆ ಅಂದರೆ ಏನು ಕೆಟ್ಟಿದೆ ಅಂತ ತಿಳಿಯುವುದಿಲ್ಲ. ಬೂಷ್ಟಾ, ಹುಳಿಯಾ, ಹುಳವಾ? ಮಾಲು ವಾಪಸ್ ಮಾಡುವಾಗ ಇದು ಸಾಲದು. ಮನುಷ್ಯರಿಗೆ ಈ ಪದ ಬಳಸಬೇಡಿ. ಮಗು 'ಹು' ಅಂದರೆ ದಾರಿ ತಪ್ಪಿದ್ದು ಅಂತ, ಮೇಲಿನ ಗಾದೆಯಲ್ಲಿ ನೋಡಿದಿರಲ್ಲ.

ಎರಡನೆಯದು, ಕಂಡದ್ದನ್ನು ಕಂಡ ಹಾಗೆ ಹೇಳುವುದು. ಮೆತ್ತಗಿದ್ದರೆ 'ಮೇಮ್', ವಾಸನೆ ಬಂದರೆ 'ಕೊ ಮುಯ್', ಮುಂದೆ 'ಹಯ್' ಸೇರಿಸಿದರೆ 'ಸ್ವಲ್ಪ'. ಹೊಸಬರಿಗೆ ನಾನು ಹೇಳುವುದು ಇದನ್ನೇ. ತೀರ್ಪು ನೀವು ಕೊಡುತ್ತಿಲ್ಲ, ಮಾರುವವರೇ ನೋಡಿ ಒಪ್ಪುತ್ತಾರೆ. ಹಣ್ಣು ಬದಲಾಯಿಸಲು ಹೀಗೆ ಹೇಳಿ: 'ಚಿ ಅಯ್, ಟ್ರಾಯ್ ನಯ್ ಹಯ್ ಮೇಮ್, ದೋಯ್ ಟ್ರಾಯ್ ಖಾಕ್ ದುಅಕ್ ಖೋಂಗ್?' ಅಂದರೆ, ಅಕ್ಕಾ, ಈ ಹಣ್ಣು ಸ್ವಲ್ಪ ಮೆತ್ತಗಿದೆ, ಬೇರೆ ಹಣ್ಣು ಕೊಡಬಹುದಾ? ಮೊದಲಿನ 'ಚಿ ಅಯ್' ಬಿಡಬೇಡಿ. ಮಾರುವಾಕೆ ತಾಯಿಯ ವಯಸ್ಸಿನವರಾದರೆ 'ಕೋ ಅಯ್' ಅನ್ನಿ. ಸಂಬಂಧ ಹೇಳಿ ಕರೆಯದೆ ನೇರ ದೂರು ಶುರು ಮಾಡಿದರೆ ಪದ ಎಷ್ಟೇ ಸರಿಯಿದ್ದರೂ ಒರಟಾಗಿ ಕೇಳುತ್ತದೆ. ನಿಮ್ಮನ್ನು ನೀವು 'ಎಮ್', ತಮ್ಮ, ಅಂತ ಕರೆದುಕೊಳ್ಳಬೇಕು. ತಾಯಿಯ ವಯಸ್ಸಿನವರ ಹತ್ತಿರವಾದರೆ 'ಕಾನ್', ಮಗ.

ಮೂರನೆಯದು ಆಹಾರಕ್ಕೆ ತಕ್ಕ ಪದ. ಇದು ಬಂದರೆ ಜನ ಕಣ್ಣರಳಿಸಿ ನಿಮ್ಮ ಕಡೆ ನೋಡುತ್ತಾರೆ. ತಪ್ಪಾದರೆ ನಗು ಬರಬಹುದು, ನೋವಾಗುವುದಿಲ್ಲ. ಅನ್ನಕ್ಕೆ 'ಉಅನ್' ಅಂದರೂ ಆ ಅಕ್ಕ ತಿದ್ದಿ ಹೇಳಿಕೊಡುತ್ತಾರೆ. ನಿಮ್ಮ ಅಡುಗೆಮನೆಗೆ 'ಥಿವ್' ಮತ್ತು 'ಮೋಕ್' ಎರಡನ್ನು ಈ ವಾರವೇ ಕಲಿಯಿರಿ. 'ಕಮ್ ನಯ್ ಹಿನ್ ನ್ಯು ಥಿವ್ ರೋಯ್' ಅಂದರೆ ಈ ಅನ್ನ ಹಳಸಿದ ಹಾಗಿದೆ. 'ಹಿನ್ ನ್ಯು' ಅನ್ನುವುದು ನಮ್ಮ 'ಅನ್ಸುತ್ತೆ' ತರಹ, ಮಾತಿನ ಮೊನೆ ತೆಗೆಯುತ್ತದೆ. ಅಂದು ಹೇಳಿದ್ದಕ್ಕೆ 'ಚಿ ಅಯ್, ಎಮ್ ನೊಯ್ ಸಾಯ್, ಸಿನ್ ಲೋಯ್ ಚಿ' ಅನ್ನಿ. ಅಕ್ಕಾ, ನಾನು ತಪ್ಪು ಮಾತಾಡಿದೆ, ಕ್ಷಮಿಸಿ. ಇಷ್ಟು ಸಾಕು.

'ಥೂಯ್' ಮತ್ತು 'ಥೋಯ್' ಎರಡನ್ನೂ ಯಾರದೇ ಅಡುಗೆಯ ಬಗ್ಗೆ, ಯಾರದೇ ಮಾಲಿನ ಬಗ್ಗೆ ಬಳಸಬೇಡಿ. ಕಸದ ಬುಟ್ಟಿಗೆ ಬಳಸಿ.

ನೀವು ಮೆಸ್ ನಡೆಸುವವರು, ಹಾಗಾಗಿ ಇನ್ನೊಂದು ಮಾತು. ಈ ಪದಗಳೆಲ್ಲ ಮೂಗಿಗೆ, ಕಣ್ಣಿಗೆ ಗೊತ್ತಾಗುವುದನ್ನು ಹೇಳುತ್ತವೆ. ಅಪಾಯ ಕೆಲವೊಮ್ಮೆ ಅದಕ್ಕಿಂತ ಮುಂಚೆಯೇ ಬಂದಿರುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯಿಸಿದರೂ ಸಾಯುವುದಿಲ್ಲ. ಬಿಸಿ ಊರಿನಲ್ಲಿ ಅನ್ನವನ್ನು ಹೊರಗೆ ಇಟ್ಟರೆ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೆ ಆ ವಿಷ ಹೋಗುವುದಿಲ್ಲ. ಯಾರೋ ಮೂಸಿ ನೋಡಿ 'ಇನ್ನೂ ಥಿವ್ ಆಗಿಲ್ಲ' ಅಂದರು ಅಂತ ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು ಬಡಿಸಬೇಡಿ. ಚಟ್ನಿಗೆ ತರುವ ಕಡಲೆಕಾಯಿ 'ಮೋಕ್' ಆಗಿದ್ದರೆ ಆರಿಸಿ ಹುರಿಯುವ ಯೋಚನೆ ಬೇಡ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಇರಬಹುದು. ಅದು ಯಕೃತ್ತಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಇಡೀ ಚೀಲ ವಾಪಸ್ ಮಾಡಿ.

ವಾಪಸ್ ಮಾಡುವಾಗ ಅಲ್ಲಿನ ಮೆಸೇಜ್ ಆ್ಯಪ್ ಝಾಲೋದಲ್ಲಿ ಫೋಟೋ ಹಾಕಿ 'ದೌ ಫೋಂಗ್ ಬಿ ಮೋಕ್', ಕಡಲೆಕಾಯಿಗೆ ಬೂಷ್ಟು ಬಂದಿದೆ, ಅಂತ ಬರೆಯಿರಿ. ಅಕ್ಷರದ ಮೇಲಿನ ಚಿಹ್ನೆಗಳನ್ನು ಹಾಕಿಯೇ ಬರೆಯಿರಿ. ಅಲ್ಲಿನವರು ತಮ್ಮತಮ್ಮಲ್ಲಿ ಚಿಹ್ನೆ ಬಿಟ್ಟು ಬರೆಯುವುದುಂಟು, ಅವರಿಗೆ ಅದು ನಡೆಯುತ್ತದೆ. ನೀವು ಹಾಗೆ ಬರೆದರೆ 'ಸಾಕು', 'ಕೊಳೆತದ್ದು', 'ಊದು' ಮೂರೂ ಒಂದೇ ಥರ ಕಾಣುತ್ತವೆ. ಫೋನಿನ ಕೀಬೋರ್ಡ್‌ನಲ್ಲಿ ವಿಯೆಟ್ನಾಮೀ ಭಾಷೆ ಸೇರಿಸಿಕೊಂಡರೆ ಚಿಹ್ನೆ ಹಾಕುವುದು ಸುಲಭ.